ಕಾಲುಸಂಕಕ್ಕಾಗಿ ಕೊಟ್ಟ ಅರ್ಜಿಯನ್ನು ಯಾರೂ ಓದುತ್ತಿಲ್ಲ. ಓದುವವರನ್ನು ಅರಿತು ಬರೆಯುವುದು ಹೇಗೆ?

ಹಳ್ಳದಾಚೆಯವನು (ಮೂಡಿಗೆರೆ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಮೇಲಿನ ಕೇರಿಗೂ ಶಾಲೆಗೂ ನಡುವೆ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ಕಲ್ಲಿನ ಮೇಲೆ ಕಾಲಿಟ್ಟು ದಾಟಬಹುದು. ಮಳೆಗಾಲ ಹಿಡಿದರೆ ಅಡಿಕೆ ಮರಗಳನ್ನು ಜೋಡಿಸಿ ಕಟ್ಟಿದ ಸಂಕವೇ ಗತಿ, ಅದೂ ಹಿಡಿಗಂಬಿಯಿಲ್ಲದ ಸಂಕ. ಒಂದು ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಕಟ್ಟಿಸಿಕೊಡಿ ಎಂದು ಊರಿನವರೆಲ್ಲರ ಪರವಾಗಿ ನಾನೇ ಎರಡು ಪುಟದ ಅರ್ಜಿ ಬರೆದು ಕಚೇರಿಗೆ ಕೊಟ್ಟಿದ್ದೇನೆ. ಸ್ವೀಕೃತಿಯ ಮೊಹರು ಬಿದ್ದಿತೇ ಹೊರತು ಬೇರೇನೂ ಆಗಲಿಲ್ಲ. ಅದೇ ಬರಹವನ್ನು ಪತ್ರಿಕೆಗೆ ಕಳುಹಿಸಿದೆ, ಪ್ರಕಟವಾಗಲಿಲ್ಲ. ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ, ಹೆಬ್ಬೆರಳಿನ ಗುರುತುಗಳು ಬಂದವು; ಸಭೆಗೆ ಮಾತ್ರ ಯಾರೂ ಬರಲಿಲ್ಲ. ಅರ್ಜಿಯ ಆರಂಭ ಹೀಗಿದೆ:

‘ಸ್ವಾತಂತ್ರ್ಯ ಬಂದು ಏಳು ದಶಕಗಳು ಕಳೆದರೂ ನಮ್ಮ ಗ್ರಾಮವು ಕತ್ತಲೆಯಲ್ಲಿಯೇ ಉಳಿದಿದ್ದು, ಕಣ್ಣಿದ್ದೂ ಕುರುಡರಾಗಿರುವ ಅಧಿಕಾರಿ ವರ್ಗದ ಹಾಗೂ ಚುನಾವಣೆ ಬಂದಾಗ ಮಾತ್ರ ಮುಖ ತೋರಿಸುವ ಜನಪ್ರತಿನಿಧಿಗಳ ದಿವ್ಯ ನಿರ್ಲಕ್ಷ್ಯದಿಂದಾಗಿ ನಮ್ಮ ಮಕ್ಕಳು ಪ್ರತಿದಿನವೂ ಪ್ರಾಣವನ್ನು ಅಂಗೈಯಲ್ಲಿ ಹಿಡಿದು ಶಾಲೆಗೆ ಹೋಗುವಂತಾಗಿದೆ.’

ಇದರಲ್ಲಿ ಸುಳ್ಳೇನೂ ಇಲ್ಲ. ಹಾಗಿದ್ದರೆ ಕೊರತೆ ಎಲ್ಲಿದೆ? ಅನುಭವವುಳ್ಳವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಷರಾ ಬರೆದವ (ಹಾಸನ)

ನಾನು ಕಚೇರಿಯೊಂದರಲ್ಲಿ ವಿಷಯ ನಿರ್ವಾಹಕನಾಗಿ ದುಡಿದು ನಿವೃತ್ತನಾದವನು. ಮೊದಲು ಅರ್ಜಿ ಯಾರ ಕೈಯಲ್ಲಿ ಹಾದುಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳಿ. ನೀವು ‘ಮಾನ್ಯರೇ’ ಎಂದು ಸಂಬೋಧಿಸಿದ ಸಾಹೇಬರು ಅದನ್ನು ಪೂರ್ತಿ ಓದುವುದು ತೀರಾ ಅಪರೂಪ. ಟಪಾಲಿನಲ್ಲಿ ಮೊಹರು ಮತ್ತು ಸಂಖ್ಯೆ ಬಿದ್ದ ಮೇಲೆ ಕಟ್ಟಿನ ನಡುವೆ ಅದು ಅವರ ಮೇಜಿಗೆ ಹೋಗುತ್ತದೆ. ಅವರು ‘ವಿಷಯ’ ಎಂಬ ಸಾಲನ್ನು ನೋಡಿ ಯಾವ ಶಾಖೆಗೆ ಎಂದು ಮೂಲೆಯಲ್ಲಿ ಗುರುತು ಹಾಕುತ್ತಾರೆ. ಆಮೇಲೆ ಅದು ನನ್ನಂಥವನ ಮೇಜಿಗೆ ಬರುತ್ತದೆ. ಅದರ ಸಾರವನ್ನು ಟಿಪ್ಪಣಿ ಹಾಳೆಯಲ್ಲಿ ನಾಲ್ಕು ಸಾಲಿನಲ್ಲಿ ಬರೆದು, ಮುಂದಿನ ಕ್ರಮ ಇಂಥದ್ದು ಎಂದು ಸೂಚಿಸಿ ಮೇಲಕ್ಕೆ ಮಂಡಿಸುವುದು ನನ್ನ ಕೆಲಸವಾಗಿತ್ತು.

ಆ ನಾಲ್ಕು ಸಾಲುಗಳನ್ನು ಅರ್ಜಿದಾರರೇ ಸಿದ್ಧಪಡಿಸಿ ಕೊಟ್ಟಿದ್ದರೆ ನಾನು ಹಾಗೆಯೇ ಇಳಿಸಿಕೊಳ್ಳುತ್ತಿದ್ದೆ. ಎಲ್ಲಿ, ಏನು ಬೇಕು, ಯಾರಿಗೆ ಬೇಕು, ಜಾಗ ಯಾರದು: ಇಷ್ಟು ಕಣ್ಣಿಗೆ ಕಂಡರೆ ಕಡತ ತೆರೆಯುವುದು ಸುಲಭ. ನಿಮ್ಮ ಅರ್ಜಿಯಲ್ಲಿ ಹಳ್ಳದ ಹೆಸರು ಎಷ್ಟನೆಯ ಸಾಲಿನಲ್ಲಿ ಬರುತ್ತದೆ ಎಂದು ನೀವೇ ನೋಡಿ. ಅದನ್ನು ಹುಡುಕುವಷ್ಟು ವ್ಯವಧಾನ ಇಲ್ಲದವನು ‘ಸಾರ್ವಜನಿಕ ದೂರು, ಪರಿಶೀಲಿಸಬಹುದು’ ಎಂದು ಷರಾ ಬರೆದು ಪಕ್ಕಕ್ಕಿಡುತ್ತಾನೆ. ‘ಪರಿಶೀಲಿಸಬಹುದು’ ಎಂಬ ಷರಾ ಬಿದ್ದ ಕಾಗದ ಎಷ್ಟು ವರ್ಷ ಮಲಗಬಲ್ಲದು ಎಂಬುದನ್ನು ನಾನು ಕಂಡಿದ್ದೇನೆ.

ಅಂದ ಹಾಗೆ, ವಿಷಯದ ಸಾಲಿನಲ್ಲಿ ಏನು ಬರೆದಿದ್ದೀರಿ?

ಹಳ್ಳದಾಚೆಯವನು

‘ನಮ್ಮ ಗ್ರಾಮದ ಜ್ವಲಂತ ಸಮಸ್ಯೆಗಳ ಕುರಿತು’ ಎಂದು ಬರೆದಿದ್ದೇನೆ.

ಷರಾ ಬರೆದವ

ಆ ಸಾಲನ್ನು ಓದಿ ಅದು ಯಾವ ಶಾಖೆಗೆ ಹೋಗಬೇಕೆಂದು ನನಗೂ ಹೊಳೆಯುತ್ತಿಲ್ಲ.

ನೇರನುಡಿ ನಾಗ (ಅರಕಲಗೂಡು)

ಇದೊಳ್ಳೆಯ ಚರ್ಚೆ. ಮಕ್ಕಳು ಹಳ್ಳಕ್ಕೆ ಬೀಳುವ ಸ್ಥಿತಿಯಲ್ಲಿದ್ದಾರೆ, ನಾವು ಗುಮಾಸ್ತರಿಗೆ ಹಿತವಾಗುವಂತೆ ವಾಕ್ಯ ಹೊಸೆಯುವುದನ್ನು ಕಲಿಯಬೇಕಂತೆ! ಅರ್ಜಿದಾರನ ಸಿಟ್ಟಿಗೆ ಕಾರಣವಿದೆ, ಆ ಸಿಟ್ಟು ಕಾಗದದ ಮೇಲೆ ಬಂದಿದೆ. ಅದನ್ನು ಅಳಿಸಿ ‘ತಮ್ಮಲ್ಲಿ ಸವಿನಯ ಪ್ರಾರ್ಥನೆ’ ಎಂದು ಬರೆಯುವುದಕ್ಕೆ ಓಲೈಕೆ ಎನ್ನುತ್ತಾರೆ. ಓದುವವರನ್ನು ನೋಡಿ ಮಾತು ಬದಲಿಸುವವರನ್ನು ನಮ್ಮ ಕಡೆ ಒಳ್ಳೆಯ ಹೆಸರಿನಿಂದ ಕರೆಯುವುದಿಲ್ಲ.

ಕಾಫಿಹೂ ಮೇಡಂ (ಚಿಕ್ಕಮಗಳೂರು)

ನಾಗ ಅವರೇ, ನಿಮ್ಮ ಆಕ್ಷೇಪ ಬಹಳ ಹಳೆಯದು, ಹಗುರವಾದದ್ದೂ ಅಲ್ಲ. ಗ್ರೀಸಿನಲ್ಲಿ ಪ್ಲೇಟೋ ವಾಕ್ಚಾತುರ್ಯದ ಮೇಲೆ ಹೊರಿಸಿದ ಆರೋಪವೂ ಇದೇ: ಅದು ಸತ್ಯವನ್ನು ಬಿಟ್ಟು ಕೇಳುಗರನ್ನು ಮೆಚ್ಚಿಸುವ ವಿದ್ಯೆ ಎಂದು. ಅವನ ಶಿಷ್ಯನಾದ ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಇದಕ್ಕೆ ಬೇರೆ ಉತ್ತರ ಕೊಟ್ಟ. ಯಾವುದೇ ಸಂದರ್ಭದಲ್ಲಿ ಒಪ್ಪಿಸಲು ಲಭ್ಯವಿರುವ ದಾರಿಗಳು ಯಾವುವು ಎಂದು ಕಾಣಬಲ್ಲ ಸಾಮರ್ಥ್ಯವೇ ಈ ವಿದ್ಯೆ ಎಂದ. ಹೇಳುವವನ ನಡತೆಯ ಮೇಲಿನ ನಂಬಿಕೆ, ಕೇಳುವವನ ಭಾವ, ವಿಷಯದ ತರ್ಕ ಎಂಬ ಮೂರು ದಾರಿಗಳನ್ನು ಎಲ್ಲ ಪಾಠಗಳಲ್ಲೂ ಹೇಳುತ್ತಾರೆ. ಅದಕ್ಕಿಂತ ಈ ಅರ್ಜಿಗೆ ಹತ್ತಿರವಾದ ಇನ್ನೊಂದು ವಿಂಗಡಣೆಯನ್ನು ಅವನು ಮಾಡಿದ್ದಾನೆ. ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಮಾತುಗಳನ್ನು ಅವನು ಕಾಲಕ್ಕೆ ತಕ್ಕಂತೆ ಮೂರು ಬಗೆಯಾಗಿ ಮಾಡಿದ. ನ್ಯಾಯಾಲಯದ ಮಾತು ಕಳೆದುಹೋದದ್ದರ ಬಗ್ಗೆ: ಯಾರು ತಪ್ಪು ಮಾಡಿದರು ಎಂಬುದು ಅಲ್ಲಿನ ಪ್ರಶ್ನೆ. ಸಮಾರಂಭದ ಮಾತು ಈಗಿನದರ ಬಗ್ಗೆ: ಯಾರನ್ನು ಹೊಗಳಬೇಕು, ಯಾರನ್ನು ತೆಗಳಬೇಕು ಎಂಬುದು ಅಲ್ಲಿನ ಪ್ರಶ್ನೆ. ಸಭೆಯಲ್ಲಿ ತೀರ್ಮಾನಕ್ಕಾಗಿ ಆಡುವ ಮಾತು ಮುಂದೆ ಆಗಬೇಕಾದದ್ದರ ಬಗ್ಗೆ: ಏನು ಮಾಡಿದರೆ ಒಳಿತು, ಏನು ಮಾಡದಿದ್ದರೆ ಕೆಡುಕು ಎಂಬುದು. ಹಳ್ಳದಾಚೆಯವರು ಕೇಳಬೇಕಾದದ್ದು ಮುಂದಿನ ಮಳೆಗಾಲಕ್ಕೆ ಒಂದು ಸಂಕ. ಬರೆದಿರುವುದು ಏಳು ದಶಕಗಳ ಆರೋಪಪಟ್ಟಿ. ಅದನ್ನು ಓದಿದ ಅಧಿಕಾರಿಗೆ ತಾನು ಕಟಕಟೆಯಲ್ಲಿ ನಿಂತಂತೆ ಅನಿಸುತ್ತದೆ, ಕಟಕಟೆಯಲ್ಲಿ ನಿಂತವನು ಸಂಕದ ಬಗ್ಗೆ ಯೋಚಿಸುವುದಿಲ್ಲ, ತನ್ನ ಸಮರ್ಥನೆಯ ಬಗ್ಗೆ ಯೋಚಿಸುತ್ತಾನೆ. ಸಿಟ್ಟು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಅದು ಕೇಳಿಕೆಯನ್ನು ಮುಚ್ಚಿಬಿಟ್ಟಿದೆ.

ನೇರನುಡಿ ನಾಗ

ಹಾಗಾದರೆ ತಪ್ಪು ಮಾಡಿದವರು ತಪ್ಪಿಸಿಕೊಂಡು ಹೋಗಲಿ ಎನ್ನುತ್ತೀರಾ ಮೇಡಂ?

ಕಾಫಿಹೂ ಮೇಡಂ

ಇಲ್ಲ. ಅವರನ್ನು ಹಿಡಿಯಬೇಕೆಂದಿದ್ದರೆ ಅದಕ್ಕೊಂದು ಬೇರೆ ಕಾಗದ, ಬೇರೆ ವಿಳಾಸ. ಒಂದೇ ಕಾಗದದಲ್ಲಿ ಬೈಗುಳವನ್ನೂ ಬೇಡಿಕೆಯನ್ನೂ ಇಟ್ಟರೆ ಎರಡಕ್ಕೂ ಬೆಲೆ ಸಿಗುವುದಿಲ್ಲ. 11ನೆಯ ಶತಮಾನದ ಕಾಶ್ಮೀರದ ಸಂಸ್ಕೃತ ಕವಿ ಕ್ಷೇಮೇಂದ್ರ ಔಚಿತ್ಯದ ಬಗ್ಗೆ ಬರೆಯುತ್ತ, ಸೊಂಟದ ಡಾಬನ್ನು ಕೊರಳಿಗೂ ಕೊರಳ ಹಾರವನ್ನು ಸೊಂಟಕ್ಕೂ ಹಾಕಿಕೊಂಡವರನ್ನು ನೋಡಿ ಯಾರು ತಾನೇ ನಗುವುದಿಲ್ಲ ಎಂದು ಕೇಳುತ್ತಾನೆ. ಡಾಬೂ ಒಡವೆಯೇ, ಹಾರವೂ ಒಡವೆಯೇ. ಕೆಟ್ಟದ್ದು ಅವುಗಳನ್ನಿಟ್ಟ ಜಾಗ.

ಮುಳ್ಳಯ್ಯನಗಿರಿ ಮಂಜು

ಮೇಡಂ ಅವರ ಕಾಲದ ಲೆಕ್ಕ ನನಗೆ ಬಹಳ ಹಿಡಿಸಿತು. ನಮ್ಮ ಸಂಘದ ಅರ್ಜಿಗಳೆಲ್ಲವೂ ಭೂತಕಾಲದಲ್ಲೇ ಇವೆ.

ಕಿರಿಯ ಎಂಜಿನಿಯರ್ (ಹಾಸನ ಜಿಲ್ಲೆ)

ಸ್ಥಳ ಪರಿಶೀಲನೆಗೆ ಹೋಗುವವನ ಕಡೆಯಿಂದ ಒಂದು ಮಾತು. ನಿಮ್ಮ ಅರ್ಜಿಯಲ್ಲಿ ‘ಪ್ರತಿದಿನವೂ ಪ್ರಾಣವನ್ನು ಅಂಗೈಯಲ್ಲಿ ಹಿಡಿದು’ ಎಂದಿದೆ. ನಾವು ಸ್ಥಳಕ್ಕೆ ಬರುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ, ಜೀಪು ಹೋಗುವಂತಿರುವಾಗ. ಆಗ ನಿಮ್ಮ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರಿರುತ್ತದೆ, ಮಕ್ಕಳು ಅದರಲ್ಲಿ ಏಡಿ ಹಿಡಿಯುತ್ತಿರುತ್ತಾರೆ. ಒಂದು ಅತಿಶಯೋಕ್ತಿ ಕಣ್ಣೆದುರು ಸುಳ್ಳಾಗಿ ಕಂಡರೆ ಉಳಿದ ನಿಜಗಳೂ ಅದರ ಜೊತೆ ಹೋಗುತ್ತವೆ. ‘ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ತುಂಬಿ ಹರಿಯುತ್ತದೆ’ ಎಂದು ಬರೆಯಿರಿ, ಸಾಕು. ನೀರು ಎಲ್ಲಿಯವರೆಗೆ ಏರಿತ್ತು ಎಂಬ ಗುರುತು ದಡದ ಮರದ ಮೇಲೋ ಬಂಡೆಯ ಮೇಲೋ ಇರುತ್ತದೆ. ಅದರ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ಚಿತ್ರ ತೆಗೆಯಿರಿ. ಅದೇ ಜಾಗವನ್ನು ಜುಲೈಯಲ್ಲಿ ತೆಗೆದ ಚಿತ್ರವಿದ್ದರೆ ದಿನಾಂಕದೊಂದಿಗೆ ಜೊತೆಗಿಡಿ. ಹಳ್ಳದ ಅಗಲವನ್ನು ಅಳೆದು ಮೀಟರಿನಲ್ಲಿ ಬರೆಯಿರಿ. ನನ್ನ ಅಂದಾಜು ಪಟ್ಟಿಗೆ ಮೊದಲು ಬೇಕಾಗುವ ಅಂಕಿ ಅದೇ. ಬಣ್ಣನೆಯ ಪದಗಳನ್ನು ಅಂದಾಜು ಪಟ್ಟಿಗೆ ಸೇರಿಸಲು ನನಗೆ ಅವಕಾಶವಿಲ್ಲ.

ಬೇಲೂರು ಬಸ್ಸಿನವ

ಓದುಗರನ್ನು ಅರಿತು ಬರೆಯುವುದನ್ನು ನೋಡಲು ನಮ್ಮ ಜಿಲ್ಲೆಯವರು ಗ್ರೀಸಿಗೆ ಹೋಗಬೇಕಾಗಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನೇ ನೋಡಿ. ಸುಮಾರು ಕ್ರಿ.ಶ. 450ರದ್ದು ಎನ್ನುತ್ತಾರೆ, 16 ಸಾಲುಗಳಿವೆ. ಮೊದಲು ವಿಷ್ಣುವಿನ ಸ್ತುತಿ, ಆಮೇಲೆ ಆಳುತ್ತಿದ್ದವರ ಹೆಸರು, ಆಮೇಲೆ ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಕೊಟ್ಟ ಊರುಗಳ ವಿವರ, ಕಡೆಗೆ ಇದನ್ನು ಕದ್ದವನಿಗೆ ಮಹಾಪಾತಕ ತಟ್ಟುತ್ತದೆ ಎಂಬ ಎಚ್ಚರಿಕೆ. ಯಾರು, ಯಾರಿಗೆ, ಏನನ್ನು, ಏಕೆ ಕೊಟ್ಟರು ಎಂಬುದೆಲ್ಲ 16 ಸಾಲಿನಲ್ಲಿ ಮುಗಿದಿದೆ. ನಮ್ಮ ಸ್ನೇಹಿತರು ಎರಡು ಪುಟ ತೆಗೆದುಕೊಂಡಿದ್ದಾರೆ.

ನೇರನುಡಿ ನಾಗ

ಹಾಗಾದರೆ ಅರ್ಜಿಯ ಕೊನೆಯಲ್ಲಿ ‘ಸಂಕ ಕಟ್ಟಿಸದವರಿಗೆ ಮಹಾಪಾತಕ’ ಎಂದು ಬರೆಯೋಣವೇ? ಈ ಸಲಹೆಗೆ ನನ್ನ ಪೂರ್ಣ ಬೆಂಬಲವಿದೆ.

ಬೇಲೂರು ಬಸ್ಸಿನವ

ನೀವು ತಮಾಷೆಗೆ ಹೇಳಿದಿರಿ, ಆದರೆ ಆ ಶಾಪವಾಕ್ಯದ ವಿಳಾಸ ಯಾರಿಗೆ ಎಂದು ಯೋಚಿಸಿ. ಶಾಸನ ಬರೆಸಿದಾಗ ಹುಟ್ಟಿಯೇ ಇರದ, ಮುಂದೆಂದೋ ಆ ಊರನ್ನು ಆಳಲಿರುವ ಅರಸನಿಗೆ ಅದು. ಅವನನ್ನು ಕಟ್ಟಿಹಾಕುವ ಆಜ್ಞೆ ಇವರ ಕೈಯಲ್ಲಿಲ್ಲ, ಪಾಪದ ಭಯ ಒಂದೇ ಅವನಿಗೆ ತಾಕಬಲ್ಲದು. ಬರೆದವನಿಗೆ ಆ ಓದುಗನ ಅಂಜಿಕೆ ಗೊತ್ತಿತ್ತು. ಇಂದಿನ ಕಚೇರಿಯವರಿಗೆ ಪಾಪದ ಭಯಕ್ಕಿಂತ ಲೆಕ್ಕ ತಪಾಸಣೆಯ ಭಯ ಹೆಚ್ಚು. ಆದ್ದರಿಂದ ಇಂದು ಅದನ್ನು ನೆನೆದು ಬರೆಯಬೇಕು.

ಇನ್ನೊಂದು ಉದಾಹರಣೆ ಶ್ರವಣಬೆಳಗೊಳದಲ್ಲಿದೆ. ಗೊಮ್ಮಟನ ಪಾದದ ಬಳಿ ಚಾವುಂಡರಾಯ ಮಾಡಿಸಿದ ಎಂಬ ಒಂದೇ ಸಂಗತಿಯನ್ನು ಕನ್ನಡದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ ಬೇರೆ ಬೇರೆ ಲಿಪಿಗಳಲ್ಲಿ ಕೆತ್ತಿದ್ದಾರೆ. ಯಾತ್ರಿಕರು ಎಲ್ಲೆಲ್ಲಿಂದ ಬರುತ್ತಾರೆ ಎಂಬ ಅರಿವಿದ್ದವರು ಮಾಡಿದ ಕೆಲಸ ಅದು. ಸಂಗತಿ ಒಂದಕ್ಷರವೂ ಬದಲಾಗಿಲ್ಲ. ನಾಗಣ್ಣನವರು ಇದನ್ನೂ ಓಲೈಕೆ ಎನ್ನುತ್ತಾರೋ?

ನೇರನುಡಿ ನಾಗ

ಇದನ್ನು ಎನ್ನುವುದಿಲ್ಲ. ಆದರೆ ಭಾಷೆ ಬದಲಿಸುವುದು ಬೇರೆ, ಧ್ವನಿ ಬದಲಿಸುವುದು ಬೇರೆ. ಧ್ವನಿ ಬದಲಿಸುತ್ತ ಹೋದರೆ ಕೊನೆಗೆ ನನ್ನ ಮಾತೇ ಯಾವುದೆಂದು ನನಗೆ ತಿಳಿಯದಂತಾಗುತ್ತದೆ. ಈ ಮಾತಿಗೆ ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ.

ಸುದ್ದಿಮನೆ (ಹಾಸನ)

ಪತ್ರಿಕೆಯ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಓದುಗರ ಪತ್ರಗಳ ವಿಭಾಗಕ್ಕೆ ಎರಡು ಪುಟ ಬಂದರೆ ಅದನ್ನು ಕತ್ತರಿಸುವ ಹೊಣೆ ಉಪಸಂಪಾದಕರ ಮೇಲೆ ಬೀಳುತ್ತದೆ. ಸಂಜೆಯ ಹೊತ್ತಿಗೆ ಅವರಿಗೆ ಅಷ್ಟು ಬಿಡುವಿರುವುದಿಲ್ಲ, ಚಿಕ್ಕದಾಗಿ ಬಂದ ಪತ್ರವನ್ನೇ ಎತ್ತಿಕೊಳ್ಳುತ್ತಾರೆ. ಕತ್ತರಿ ಸಾಮಾನ್ಯವಾಗಿ ಕೆಳಗಿನಿಂದ ಬೀಳುವುದರಿಂದ ಮುಖ್ಯವಾದದ್ದು ಮೇಲಿರಬೇಕು. ಸ್ವಾತಂತ್ರ್ಯ, ಕತ್ತಲೆ, ಕುರುಡು ಇವೆಲ್ಲ ನಮಗೆ ದಿನವೂ ಬರುವ ಪದಗಳು, ಕಣ್ಣು ಅವುಗಳ ಮೇಲೆ ನಿಲ್ಲುವುದೇ ಇಲ್ಲ. ಅದರ ಬದಲು ಮಳೆಗಾಲದ ಒಂದು ಬೆಳಗನ್ನು ಬರೆಯಿರಿ. ಸಂಕ ದಾಟಿಸಲು ಯಾರು ಬರುತ್ತಾರೆ, ಸಣ್ಣವರ ಚೀಲವನ್ನು ಯಾರು ಹೊರುತ್ತಾರೆ, ನೀರು ಹೆಚ್ಚಿದ ದಿನ ಮಕ್ಕಳು ಏನು ಮಾಡುತ್ತಾರೆ? ಪತ್ರಿಕೆ ಓದುವವರು ನಿಮ್ಮ ಹಳ್ಳವನ್ನು ನೋಡಿಲ್ಲ, ನೋಡುವುದೂ ಇಲ್ಲ. ಅವರಿಗೆ ಅದು ಕಾಣಬೇಕು. ಸರ್ವೆ ನಂಬರು ಅವರಿಗೆ ಬೇಡ. ಕಚೇರಿಗೆ ಅದೇ ಬೇಕು.

ಹಳ್ಳದಾಚೆಯವನು

ಜೋರು ಮಳೆಯ ದಿನ ದೊಡ್ಡ ಮಕ್ಕಳು ಮೊದಲು ದಾಟಿ, ಚೀಲಗಳನ್ನು ಆಚೆ ದಡದಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗಿಟ್ಟು, ಮತ್ತೆ ಈಚೆ ಬಂದು ಚಿಕ್ಕವರನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಾರೆ. ಏಳನೆಯ ತರಗತಿಯ ಒಬ್ಬ ಹುಡುಗಿ ದಿನವೂ ಹೀಗೆ ಎರಡೆರಡು ಬಾರಿ ದಾಟುತ್ತಾಳೆ. ಇದನ್ನು ಬರೆಯುವ ವಿಷಯವೆಂದು ನಾನು ಎಣಿಸಿರಲಿಲ್ಲ.

ಸುದ್ದಿಮನೆ

ಇದೇ ನಿಮ್ಮ ಪತ್ರದ ಮೊದಲ ವಾಕ್ಯ. ಹುಡುಗಿಯ ಹೆಸರು ಮಾತ್ರ ಬೇಡ.

ಅಡಿಕೆ ಗೊನೆ (ಕೊಪ್ಪ)

ಇಷ್ಟೆಲ್ಲ ಬರೆಯುವ ಬದಲು ತೂಗುಸೇತುವೆಯನ್ನು ಊರಿನವರೇ ಕಟ್ಟಿಸಬಹುದಲ್ಲವೇ? ಸುಳ್ಯದ ಗಿರೀಶ್ ಭಾರದ್ವಾಜ್ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು.

ಕಿರಿಯ ಎಂಜಿನಿಯರ್

ಅಗಲವಾದ ನದಿಗೆ ಅದು ಸರಿ. ಇವರದು ಹಳ್ಳ, ಕಾಂಕ್ರೀಟಿನ ಸಣ್ಣ ಕಾಲುಸಂಕವೇ ಸಾಕಾಗಬಹುದು. ಊರಿನವರು ದುಡ್ಡು ಕೂಡಿಸಬೇಕೆಂದರೂ ಅದಕ್ಕೂ ಒಂದು ಮನವಿ ಬರೆಯಲೇಬೇಕಾಗುತ್ತದೆ. ಆದ್ದರಿಂದ ಮೂಲ ಪ್ರಶ್ನೆಗೆ ಮರಳೋಣ.

ಗ್ರಾಮಸಭೆ ಗೀತಾ (ಸಕಲೇಶಪುರ)

ವಾಟ್ಸಾಪ್ ಬಗ್ಗೆ ಯಾರೂ ಹೇಳಲಿಲ್ಲ. ಊರಿನವರಿಗೆ ಹಳ್ಳದ ಕಷ್ಟವನ್ನು ವಿವರಿಸುವುದು ವ್ಯರ್ಥ, ಅವರೇ ಅದನ್ನು ದಾಟುವವರು. ಅವರಿಗೆ ಬೇಕಾದದ್ದು ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಏನು ತರಬೇಕು ಎಂಬುದಷ್ಟೇ. ‘ಎಲ್ಲರೂ ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ‘ಮೇಲಿನ ಕೇರಿಯಿಂದ ಮನೆಗೊಬ್ಬರು ಆಧಾರ್ ಪ್ರತಿಯೊಂದಿಗೆ ಭಾನುವಾರ ಹತ್ತು ಗಂಟೆಗೆ ಅಂಗನವಾಡಿಯ ಬಳಿ ಸಹಿ ಹಾಕಲು ಬರಬೇಕು’ ಎಂದು ಬರೆದು ನೋಡಿ. ಓದಲು ಬಾರದ ಹಿರಿಯರಿಗೆ ಧ್ವನಿ ಸಂದೇಶ ಕಳುಹಿಸಿ. ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಇಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಲು ಮರೆಯಬೇಡಿ. ಆ ನಡಾವಳಿಯ ಪ್ರತಿ ಲಗತ್ತಾಗಿದ್ದರೆ ಒಬ್ಬ ವ್ಯಕ್ತಿಯ ಅರ್ಜಿ ಸಭೆಯ ನಿರ್ಣಯವಾಗುತ್ತದೆ.

ಷರಾ ಬರೆದವ

ಗೀತಾ ಅವರ ಕಡೆಯ ಮಾತನ್ನು ನಾನು ಅನುಮೋದಿಸುತ್ತೇನೆ. ನಡಾವಳಿಯ ಪ್ರತಿಯಿದ್ದ ಕಾಗದವನ್ನು ಪಕ್ಕಕ್ಕಿಡಲು ಕೈ ಹಿಂಜರಿಯುತ್ತದೆ. ವರ್ಷದ ಕಾಮಗಾರಿಗಳ ಪಟ್ಟಿಯಾದ ಕ್ರಿಯಾಯೋಜನೆ ಅಂತಿಮವಾಗುವ ಮೊದಲೇ ಕೊಡಿ, ಅಂತಿಮವಾದ ಮೇಲೆ ಎಷ್ಟು ಚೆನ್ನಾಗಿ ಬರೆದರೂ ಅನುದಾನವಿಲ್ಲ ಎಂಬ ಉತ್ತರವೇ ಬರುತ್ತದೆ.

ಕಾನೂನು ಕಾಮತ್ (ಚಿಕ್ಕಮಗಳೂರು)

ಕಾಯ್ದೆಯನ್ನು ಏಕೆ ಯಾರೂ ಎತ್ತುತ್ತಿಲ್ಲ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು. ಅರ್ಜಿಯ ಮೊದಲ ಸಾಲಿನಲ್ಲೇ ಅದನ್ನು ಹಾಕಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ‘ಇನ್ನೂ ಏಕೆ ಸಂಕ ಕಟ್ಟಿಲ್ಲ’ ಎಂದು ಕೇಳಿ.

ಷರಾ ಬರೆದವ

ಎರಡು ಕಡೆಯೂ ನನ್ನ ತಕರಾರಿದೆ. ಕಾಯ್ದೆಯನ್ನು ಮೊದಲ ಸಾಲಿನಲ್ಲಿ ಹಾಕಿದರೆ ಓದುವವನು ಅದನ್ನು ಬೆದರಿಕೆಯೆಂದು ತಿಳಿದು ಕಡತವನ್ನು ಅಭಿಪ್ರಾಯ ಕೇಳಿ ಮೇಲಕ್ಕೆ ಕಳುಹಿಸಿ ಕೈತೊಳೆದುಕೊಳ್ಳುತ್ತಾನೆ. ಸಂಗತಿಗಳೆಲ್ಲ ಮುಗಿದ ಮೇಲೆ ಒಂದು ಸಾಲಿನಲ್ಲಿ ಬಂದರೆ ಅದೇ ಕಾಯ್ದೆ ಅವನಿಗೆ ಆಧಾರವಾಗುತ್ತದೆ, ಟಿಪ್ಪಣಿಯಲ್ಲಿ ಬಳಸಿಕೊಳ್ಳುತ್ತಾನೆ.

ಮಾಹಿತಿ ಹಕ್ಕಿನ ಅರ್ಜಿಯಲ್ಲಿ ‘ಏಕೆ’ ಎಂದು ಕೇಳಬಾರದು. ಮಾಹಿತಿ ಅಧಿಕಾರಿ ಕಾರಣ ಹುಡುಕಿ ವಿವರಿಸಬೇಕಾಗಿಲ್ಲ, ದಾಖಲೆಯಲ್ಲಿರುವುದನ್ನು ಕೊಟ್ಟರೆ ಸಾಕು. ‘ಇಂಥ ದಿನಾಂಕದಂದು ಸ್ವೀಕೃತವಾದ ನಮ್ಮ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಗಳ ಪ್ರತಿಯನ್ನು ನೀಡಿ’ ಎಂದು ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು ಎಂದೂ ಇದೆ. ಅನೇಕರು ಇದನ್ನು ಅಡ್ಡಿ ಎನ್ನುತ್ತಾರೆ. ಬರೆಯುವ ಕೈಗೆ ಅದು ಒಳ್ಳೆಯ ಕಡಿವಾಣ ಎಂಬುದು ನನ್ನ ಅಭಿಪ್ರಾಯ.

ಹಳ್ಳದಾಚೆಯವನು

ಇಷ್ಟು ಹೊತ್ತು ಹೇಳದ ಒಂದು ವಿಷಯವಿದೆ. ಸಂಕದ ಆಚೆ ತುದಿ ಊರುವ ಜಾಗ ಒಂದು ಕಾಫಿ ತೋಟಕ್ಕೆ ಸೇರಿದ್ದು. ಮಾಲೀಕರು ಬೆಂಗಳೂರಿನಲ್ಲಿದ್ದಾರೆ, ಕೊಯ್ಲಿನ ಕಾಲದಲ್ಲಿ ಬರುತ್ತಾರೆ. ಯುವಕ ಸಂಘದ ಲೆಟರ್‌ಹೆಡ್‌ನಲ್ಲಿ ಅವರಿಗೂ ಒಂದು ಪತ್ರ ಬರೆದಿದ್ದೆವು. ‘ಮಾನವೀಯತೆ ಇದ್ದರೆ ಜಾಗ ಬಿಟ್ಟುಕೊಡಿ’ ಎಂಬುದು ಅದರ ತಾತ್ಪರ್ಯ. ಅವರು ಗೇಟಿಗೆ ಬೀಗ ಹಾಕಿಸಿದರು.

ಷರಾ ಬರೆದವ

ಇದನ್ನು ಮೊದಲೇ ಹೇಳಬೇಕಿತ್ತು ಮಾರಾಯರೇ. ಜಾಗದ ತಕರಾರು ಇರುವ ಕಡತಕ್ಕೆ ಯಾವ ಅಧಿಕಾರಿಯೂ ಕೈಹಾಕುವುದಿಲ್ಲ. ನಿಮ್ಮ ನಿಜವಾದ ಓದುಗರು ಬೆಂಗಳೂರಿನಲ್ಲಿದ್ದಾರೆ.

ತೋಟದ ರೈಟರ್ (ಸಕಲೇಶಪುರ)

ನಾನು ತೋಟಗಳಲ್ಲಿ ರೈಟರ್ ಆಗಿ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುತ್ತಲೇ ಮುದುಕನಾದವನು. ಮಾಲೀಕರಿಗೆ ಬರೆಯುವುದು, ಮೇಸ್ತ್ರಿಗೆ ಹೇಳುವುದು, ತೋಟದ ಲೈನುಮನೆಗಳಲ್ಲಿರುವ ಆಳುಗಳಿಗೆ ಓದಿ ಹೇಳುವುದು, ಮೂರೂ ನನ್ನ ಕೆಲಸವಾಗಿತ್ತು. ಆದ್ದರಿಂದ ಈ ವಿಷಯದಲ್ಲಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರಪಡಬೇಡಿ.

ತಮ್ಮ, ‘ಮಾನವೀಯತೆ ಇದ್ದರೆ’ ಎಂದು ಬರೆದ ಕ್ಷಣದಲ್ಲೇ ಅವರಿಗೆ ಅದು ಇಲ್ಲ ಎಂದು ತೀರ್ಪು ಕೊಟ್ಟಹಾಗಾಯಿತು. ತೀರ್ಪು ಕೊಟ್ಟವರ ಬಳಿ ಯಾರೂ ಔದಾರ್ಯ ತೋರುವುದಿಲ್ಲ. ಅವರು ಜಾಗ ಕೊಡದಿರುವುದಕ್ಕೆ ಕಾರಣ ಏನಿರಬಹುದು ಎಂದು ಒಮ್ಮೆ ಅವರ ಜಗಲಿಯಲ್ಲಿ ಕುಳಿತು ಯೋಚಿಸಿ. ಮಕ್ಕಳ ಮೇಲೆ ಅವರಿಗೇನೂ ದ್ವೇಷವಿಲ್ಲ. ಇಂದು ಕಾಲುಸಂಕ ಎನ್ನುತ್ತಾರೆ, ನಾಳೆ ಬೈಕು ಬರುತ್ತದೆ, ನಾಡಿದ್ದು ಜೀಪು ರಸ್ತೆ ಎನ್ನುತ್ತಾರೆ, ಅದರಾಚೆ ನಕ್ಷೆಯಲ್ಲಿ ದಾರಿ ಎಂದು ಸೇರಿಹೋಗುತ್ತದೆ ಎಂಬುದು ಅವರ ಭಯ. ದಾರಿ ತೆರೆದರೆ ಕೊಯ್ಲಿನ ಕಾಲದಲ್ಲಿ ಹಣ್ಣು ಕಳುವಾಗುತ್ತದೆ, ಮೆಣಸಿನ ಬಳ್ಳಿಗೆ ಕೈಬೀಳುತ್ತದೆ ಎಂಬುದು ಇನ್ನೊಂದು ಭಯ. ಊರಿನಲ್ಲಿ ಇರದವರಿಗೆ ಇಂಥ ಭಯಗಳು ಇನ್ನೂ ಹೆಚ್ಚು. ನಿಮ್ಮ ಪತ್ರದಲ್ಲಿ ಇವೆರಡರ ಬಗ್ಗೆ ಒಂದಕ್ಷರವೂ ಇರಲಿಲ್ಲ ಎಂದು ನಾನು ಬಾಜಿ ಕಟ್ಟಬಲ್ಲೆ. ನಿಮ್ಮ ಕಷ್ಟವನ್ನೇ ಪುಟಗಟ್ಟಲೆ ಬರೆದಿರುತ್ತೀರಿ, ಅವರ ಕಷ್ಟ ಏನೆಂದು ನಿಮಗೆ ಗೊತ್ತಿದೆ ಎಂಬುದು ಅವರಿಗೆ ಕಾಣಲೇ ಇಲ್ಲ.

ಆದ್ದರಿಂದ ಮೊದಲು ಕಾಗದ ಬೇಡ, ಹೋಗಿ ಮಾತನಾಡಿ. ಯಾರು ಹೋಗಬೇಕು ಎಂಬುದೂ ಮುಖ್ಯ. ಯುವಕ ಸಂಘದವರು ಬೇಡ, ಮಾಲೀಕರ ತಂದೆಯ ಕಾಲದಲ್ಲಿ ಆ ತೋಟದಲ್ಲಿ ದುಡಿದ ಹಿರಿಯರು ಯಾರಾದರೂ ಇದ್ದರೆ ಅವರು ಹೋಗಲಿ, ಜೊತೆಯಲ್ಲಿ ಶಾಲೆಯ ಶಿಕ್ಷಕರು ಇರಲಿ. ಮೇಡಂ ಹೇಳಿದ ‘ಹೇಳುವವನ ಮೇಲಿನ ನಂಬಿಕೆ’ ಎಂಬುದು ನಮ್ಮ ಕಡೆ ಹೀಗೆಯೇ ಕೆಲಸ ಮಾಡುತ್ತದೆ. ಹೋಗುವ ಹೊತ್ತನ್ನೂ ನೋಡಿಕೊಳ್ಳಿ. ಕೊಯ್ಲಿನ ನಡುವೆ ಆಳು ಸಿಗದೆ ತಲೆಕೆಟ್ಟಿರುವಾಗ ಹೋಗಬೇಡಿ. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಚೆನ್ನಾಗಿ ಬಿದ್ದ ವಾರ ಯಾವ ತೋಟದ ಮಾಲೀಕರೂ ಒಳ್ಳೆಯ ಮನುಷ್ಯರೇ.

ಮಾತನಾಡಿ ಬಂದ ಮೇಲೆ ಪತ್ರ ಬರೆಯಿರಿ. ‘ನಿನ್ನೆ ತಾವು ಹೇಳಿದಂತೆ’ ಎಂದು ಆರಂಭಿಸಿ. ಸಂಕ ಕಾಲುದಾರಿಗೆ ಮಾತ್ರ, ಅಗಲ ಇಷ್ಟು ಅಡಿ, ಬೈಕು ಹತ್ತದಂತೆ ಎರಡು ತುದಿಯಲ್ಲೂ ಕಂಬ ನೆಡಲಾಗುವುದು, ತೋಟದ ಬದಿಗೆ ತಂತಿಬೇಲಿ ಬರುವುದು, ಬೇಲಿಯ ಖರ್ಚು ಊರಿನವರದು ಎಂದು ಬರೆಯಿರಿ. ಜಾಗದ ಮಾಲೀಕತ್ವ ಅವರದೇ, ನಡೆದಾಡಲು ಅನುಮತಿ ಮಾತ್ರ ಎಂಬ ಸಾಲನ್ನು ಸ್ಪಷ್ಟವಾಗಿ ಸೇರಿಸಿ. ಮಕ್ಕಳ ವಿಷಯ ಒಂದು ಸಾಲು ಸಾಕು, ಅವರಿಗೂ ಮಕ್ಕಳಿದ್ದಾರೆ.

ನೇರನುಡಿ ನಾಗ

ರೈಟರ್ ಅಣ್ಣ, ಇದು ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆ ಹಾಗೆಯೇ ಉಳಿಯಿತು. ಕಚೇರಿಗೆ ಒಂದು, ಮಾಲೀಕರಿಗೆ ಒಂದು, ಪತ್ರಿಕೆಗೆ ಒಂದು ಎಂದು ಮೂರು ಮುಖ ಇಟ್ಟುಕೊಂಡರೆ ಯಾವುದು ನಿಜವಾದ ಮುಖ?

ಕಾಫಿಹೂ ಮೇಡಂ

ಆ ಮೂರು ಕಾಗದಗಳನ್ನೂ ಒಂದೇ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು, ಮೂವರೂ ಓದುಗರನ್ನು ಕರೆದು ತೋರಿಸಲು ಹಳ್ಳದಾಚೆಯವರಿಗೆ ಸಂಕೋಚವಾಗದಿದ್ದರೆ ಅದು ಒಂದೇ ಮುಖ. ಮಾಲೀಕರಿಗೆ ‘ಕಾಲುದಾರಿ ಮಾತ್ರ’ ಎಂದು ಬರೆದು ಕಚೇರಿಗೆ ‘ಮುಂದೆ ರಸ್ತೆ ಮಾಡಬಹುದು’ ಎಂದು ಬರೆದರೆ ಆಗ ನಿಮ್ಮ ಆರೋಪ ನಿಲ್ಲುತ್ತದೆ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ವಿಸ್ತರಿಸಬೇಕು, ಯಾವುದನ್ನು ಒಂದು ಸಾಲಿಗೆ ಇಳಿಸಬೇಕು ಎಂಬುದು ಓದುಗರನ್ನು ನೋಡಿ ಬದಲಾಗಲಿ. ಸಂಗತಿ ಬದಲಾಗಬಾರದು.

ನೇರನುಡಿ ನಾಗ

ಮೇಜಿನ ಪರೀಕ್ಷೆಯನ್ನು ಒಪ್ಪುತ್ತೇನೆ. ‘ಸವಿನಯ ಪ್ರಾರ್ಥನೆ’ಯನ್ನು ಮಾತ್ರ ಒಪ್ಪುವುದಿಲ್ಲ. ತೆರಿಗೆ ಕಟ್ಟುವವನು ಪ್ರಾರ್ಥಿಸಬೇಕಾಗಿಲ್ಲ, ‘ಕೋರುತ್ತೇವೆ’ ಎಂದರೆ ಸಾಕು.

ಷರಾ ಬರೆದವ

ಅದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಪ್ರಾರ್ಥನೆಯನ್ನು ಟಿಪ್ಪಣಿ ಹಾಳೆಯಲ್ಲಿ ನಾನು ಎಂದೂ ಬರೆದುಕೊಂಡಿಲ್ಲ.

ಹಳ್ಳದಾಚೆಯವನು

ಎಲ್ಲರ ಸಲಹೆಯಂತೆ ಕಚೇರಿಯ ಅರ್ಜಿಯನ್ನು ಹೊಸದಾಗಿ ಬರೆದಿದ್ದೇನೆ. ಹೆಸರುಗಳನ್ನು ಇಲ್ಲಿ ಬಿಟ್ಟಿದ್ದೇನೆ. ತಿದ್ದಬೇಕಾಗಿ ವಿನಂತಿ.

‘ವಿಷಯ: ಗ್ರಾಮದ ಮೇಲಿನ ಕೇರಿಯಿಂದ ಶಾಲೆಗೆ ಹೋಗುವ ದಾರಿಯಲ್ಲಿರುವ ಹಳ್ಳಕ್ಕೆ ಕಾಲುಸಂಕ ನಿರ್ಮಿಸಲು ಸ್ಥಳ ಪರಿಶೀಲಿಸಿ ಅಂದಾಜು ಪಟ್ಟಿ ತಯಾರಿಸುವ ಬಗ್ಗೆ.

ಮೇಲಿನ ಕೇರಿಯ 14 ಮಕ್ಕಳು ಈ ಹಳ್ಳವನ್ನು ದಾಟಿ ಶಾಲೆಗೆ ಹೋಗುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ತುಂಬಿ ಹರಿಯುವುದರಿಂದ ಅಡಿಕೆ ಮರದ ತಾತ್ಕಾಲಿಕ ಸಂಕವನ್ನು ಬಳಸುತ್ತಿದ್ದು, ನೀರು ಹೆಚ್ಚಿದ ದಿನಗಳಲ್ಲಿ ಮಕ್ಕಳು ಶಾಲೆಗೆ ಹೋಗಲಾಗುತ್ತಿಲ್ಲ. ಸಂಕ ಬೇಕಾದ ಜಾಗದಲ್ಲಿ ಹಳ್ಳದ ಅಗಲ 9 ಮೀಟರ್ ಇದೆ. ಗ್ರಾಮಸಭೆಯ ನಿರ್ಣಯದ ಪ್ರತಿ, ಬೇಸಿಗೆ ಮತ್ತು ಮಳೆಗಾಲದ ಚಿತ್ರಗಳು ಹಾಗೂ ಆಚೆ ದಡದ ಜಮೀನಿನ ಮಾಲೀಕರ ಒಪ್ಪಿಗೆ ಪತ್ರವನ್ನು ಲಗತ್ತಿಸಿದೆ. ಈ ಕಾಮಗಾರಿಯನ್ನು ಮುಂದಿನ ಕ್ರಿಯಾಯೋಜನೆಯಲ್ಲಿ ಸೇರಿಸಬೇಕೆಂದು ಕೋರುತ್ತೇವೆ.’

ಗ್ರಾಮಸಭೆಯೂ ಮಾಲೀಕರ ಒಪ್ಪಿಗೆಯೂ ಇನ್ನು ಆಗಬೇಕಾದವು. ಅವು ಕೈಗೆ ಬಂದ ಮೇಲೆಯೇ ಇದನ್ನು ಕೊಡುತ್ತೇನೆ. ಶಿಕ್ಷಕರೂ ನಮ್ಮ ದೊಡ್ಡಪ್ಪನೂ ಮಾಲೀಕರ ಬಳಿ ಹೋಗಲು ಒಪ್ಪಿದ್ದಾರೆ. ದೊಡ್ಡಪ್ಪ ಆ ತೋಟದಲ್ಲಿ ಮೇಸ್ತ್ರಿಯಾಗಿದ್ದವರು.

ಕಿರಿಯ ಎಂಜಿನಿಯರ್

ಅಗಲವನ್ನು ದಡದಿಂದ ದಡಕ್ಕೆ ಅಳೆದಿದ್ದೀರೋ, ನೀರಿನ ಅಂಚಿನಿಂದ ಅಳೆದಿದ್ದೀರೋ ಎಂಬುದನ್ನು ಆವರಣದಲ್ಲಿ ಬರೆಯಿರಿ. ಜೀಪು ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಎಷ್ಟು ದೂರ ನಡೆಯಬೇಕು ಎಂಬುದನ್ನೂ ಸೇರಿಸಿ. ಜಲ್ಲಿ ಸಿಮೆಂಟು ಸಾಗಿಸುವ ಖರ್ಚು ಅದರ ಮೇಲೆ ನಿಂತಿದೆ.

ಸುದ್ದಿಮನೆ

ಪತ್ರಿಕೆಗೆ ಈಗಲೇ ಕಳುಹಿಸಬೇಡಿ. ಮಾಲೀಕರೊಂದಿಗೆ ಮಾತುಕತೆ ನಡೆಯುವಾಗ ಪತ್ರಿಕೆಯಲ್ಲಿ ಬಂದರೆ ಅವರು ಮತ್ತೆ ಬೀಗ ಹಾಕಿಸುತ್ತಾರೆ.

ತೋಟದ ರೈಟರ್

ಸರಿಯಾದ ಮಾತು. ನಿಮ್ಮ ದೊಡ್ಡಪ್ಪನವರು ಹೋಗುವಾಗ ಕೈಯಲ್ಲಿ ಯಾವ ಕಾಗದವನ್ನೂ ಹಿಡಿದುಕೊಂಡು ಹೋಗಬಾರದು ಎಂದು ತಿಳಿಸಿ. ಸಹಿ ಹಾಕಿಸಿಕೊಳ್ಳಲು ಬಂದರು ಎಂದು ಮಾಲೀಕರಿಗೆ ಅನಿಸಿದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಷರಾ ಬರೆದವ

ಅರ್ಜಿಯನ್ನು ನಾನು ಒಪ್ಪಿದ್ದೇನೆ, ಎರಡು ತಿದ್ದುಪಡಿಗಳೊಂದಿಗೆ. ಹಿಂದಿನ ಅರ್ಜಿಯ ಸ್ವೀಕೃತಿ ಸಂಖ್ಯೆ ಮತ್ತು ದಿನಾಂಕವನ್ನು ‘ಉಲ್ಲೇಖ’ ಎಂದು ವಿಷಯದ ಕೆಳಗೆ ಹಾಕಿ, ಹಳೆಯ ಕಡತದೊಂದಿಗೆ ಅದು ಸೇರಬೇಕು. ಲಗತ್ತುಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟು ಕೊನೆಯಲ್ಲಿ ಪಟ್ಟಿ ಮಾಡಿ, ಪ್ರತಿಯೊಂದು ಹಾಳೆಯ ಮೇಲೂ ಆ ಸಂಖ್ಯೆಯನ್ನು ಬರೆಯಿರಿ. ಟಪಾಲಿನಿಂದ ಶಾಖೆಗೆ ಬರುವಷ್ಟರಲ್ಲಿ ಚಿತ್ರಗಳು ಬಿದ್ದುಹೋಗುವುದುಂಟು, ಗುಂಡುಪಿನ್ನು ಬೇಡ, ದಾರದಿಂದ ಹೊಲಿಯಿರಿ.